ನೀರ ಬಿಡಾಂವ

ಕೈ ತಗಿ, ತಂಗಿ, ಪೈಪಿನ ಮ್ಯಾಲಿಂದ.
ದೀಪಾವಳಿ ದಾಟಿ ಹದಿನೈದ ದಿನಾ ಆತು.
ಈಗ ಈ ಗಾಜಿನ ಮನ್ಯಾಗ ನಮ್ಮ ಕೆಲಸ ಅಂದ್ರ
ನೀರ ಹಾಕದ ಇರೋದು.

ನಗತಿ ಏನು? ನಗು.
ಇಪ್ಪತ್ತೊಂಬತ್ತ ವರ್ಷ ಹುಬ್ಬಳ್ಳ್ಯಾಗ ವಾಲ್‌ಮನ್ ಇದ್ದೆ ನಾ.
ಹೆಗಲ ಮ್ಯಾಲ ಎದಿಮಟ ಬರೋ ಕಬ್ಬಿಣದ ಚಾವಿ,
ಓಣಿಗೆ ಎಂಟ ದಿನಕ್ಕೊಮ್ಮೆ, ಮೂರ ತಾಸು.
ತಿರುವಿದ್ರ, ನಮ್ಮ ದಾವಲಸಾಬಣ್ಣ.
ಮುಚ್ಚಿದ್ರ, ಇವನ ಹೆಣಾ ಎತ್ತಲಿ.

ಇಲ್ಲಿ ಯಾರೂ ಬೈಯೂದಿಲ್ಲ.
ಈ ಎಚೆವೆರಿಯಾದ ಕೆಳಗಿನ ಎಲಿ ಹಿಚುಕಿ ನೋಡು, ಸಾವಕಾಶ.
ಕಿವಿ ಹಾಲಿ ಹಂಗ ಬಾಗಿದ್ರ ನೀರಡಿಸೈತಿ.
ಗಟ್ಟಿ ಇದ್ರ ಬಿಡು,
ಅದರ ಮನಿ ಕೊಡ ಅದ ತುಂಬಿಟಗೊಂಡೈತಿ.
ಮಣ್ಣಾಗ ಬಿದಿರಿನ ಕಡ್ಡಿ ಚುಚ್ಚು, ನೂರ ಎಣಿಸು, ತಗಿ.
ಕಡ್ಡಿ ಬರೇ ಬಂದ್ರೂ ಅವಸರ ಬ್ಯಾಡ,
ಇನ್ನ ನಾಕ ದಿನಾ ತಡಿ.
ಹಾಕೂದಾದ್ರ ಹನ್ನೊಂದರ ಬಿಸಲಿಗೆ, ಬುಡಕ್ಕಷ್ಟ.
ಸಂಜೀಕ ಹಾಕಿದಿ ಅಂದ್ರ
ನವಲೂರಿನ ಪೇರಲ ತ್ವಾಟದ ಕಡಿಂದ ಥಂಡಿ ಇಳದ ಬಂದು
ಎಲಿ ಸಂದ್ಯಾಗ ನಿಂತ ಹನಿ
ಮುಂಜಾನೆಗೆ ಕರೀ ಮಚ್ಚಿ ಆಗಿರ್ತೈತಿ.

ಬಡಗಣ ಕಡೆ ಒಂದ ಗಾಜ ಒಡದೈತಿ,
ರಾತ್ರಿ ಗೋಣಿಚೀಲ ಹೊದಿಸು.
ಬಿಸಲ ಏರಿದ ಮ್ಯಾಲ ತಗೀಬೇಕು ಮತ್ತ,
ಉಸರ ಕಟ್ಟಿದ್ರ ಇವು ಥಂಡಿಗಿಂತ ಲಗೂ ಸಾಯತಾವು.

ಮೊದಲನೇ ವರ್ಷ ನಾನೂ ಕೊಂದೀನಿ. ಮೂವತ್ತಾರ.
ಕೈಯಾಗ ಪೈಪ ಇತ್ತು, ತಾಸಿನ ಲೆಕ್ಕ ಇರಲಿಲ್ಲ.
ಇಷ್ಟ ವರ್ಷ ಮುಚ್ಚಿದ್ದನ್ನೆಲ್ಲಾ
ಒಂದ ಚಳಿಗಾಲದಾಗ ಬಿಟ್ಟಬಿಟ್ಟೆ.
ನಾಕ ದಿನಾ ಉಬ್ಬಿ ಮಿಂಚಿದವು.
ಐದನೇ ದಿನಾ ಮುಟ್ಟಿದ್ರ ಕೊಳತ ಬಾಳಿಹಣ್ಣಿನಂಗ
ಬುಡಸಮೇತ ಕೈಗೆ ಬಂದವು.

ಯಾಕ ಬಿಟ್ಟೆ, ಹೇಳ್ತೀನಿ.
ಯಲ್ಲಾಪುರ ಓಣ್ಯಾಗ ಒಮ್ಮೆ ಪಾಳಿ ಮುಗದಿತ್ತು.
ಚಾವಿ ತಿರುವಿ ಎದ್ದೆ. ಕಡೀ ಮನಿ ಹೆಣ್ಣಮಗಳು
ಬಂದ ನಿಂತಳು, ಕಂಕಳಾಗ ಕೂಸು,
ಕೈಯಾಗ ಅರ್ಧಾ ತುಂಬಿದ ಕೊಡ.
ಬೈಲಿಲ್ಲ. ಇನ್ನ ಹತ್ತ ನಿಮಿಷ ಬಿಡೋ ಅನ್ನಲಿಲ್ಲ.
ಕೊಡದಾಗ ನೋಡಿದಳು, ನನ್ನ ನೋಡಿದಳು, ಹೋದಳು.
ಬೈದಿದ್ರ ಅವತ್ತ ಮರತಬಿಡ್ತಿದ್ದೆ.
ಆಕೀಗ ಕೊಡೂ ನೀರು ಇವಕ್ಕ ಹಾಕಿದೆ ತಂಗಿ,
ಸಾಲ ಒಬ್ಬರ ಕಡೆ, ತೀರಿಸಿದ್ದು ಇನ್ನೊಬ್ಬರ ಕಡೆ.

ಬಾ, ಇದನ್ನ ನೋಡು. ಕಲ್ಲಲ್ಲ, ಗಿಡಾ.
ಕಪ್ಪತಗುಡ್ಡದ ಬುಡಕ ಸಿಗೋ ಹರಳಿನಂಗ ಐತಿ, ಹೌದಿಲ್ಲೋ?
ನಡುವ ಸೀಳ ಬಿಟ್ಟೈತಿ, ಒಳಗ ಹೊಸಾ ಜೋಡೆಲಿ, ಅಕ್ಕಿಕಾಳಷ್ಟ.
ಹಳೇ ಎಲಿ ತನ್ನ ಮೈಯ್ಯಾನ ನೀರ ಇದಕ್ಕ ಕುಡಿಸಿ ಕುಡಿಸಿ
ಸುಕ್ಕಾಗಿ, ಕಡೀಕ ಕಾಗದ ಆಗತೈತಿ.
ಈಗ ನೀ ಒಂದ ಬಟ್ಟಲ ನೀರ ಹಾಕಿದ್ರ
ಮುದುಕಿ ಸಾಯಂಗಿಲ್ಲ, ಕೂಸ ಬೆಳ್ಯಂಗಿಲ್ಲ.
ಅವರವರ ನಡುವ ನಮ್ಮ ಕೈ ಬ್ಯಾಡ.

ಆ ಜೇಡ್ ಗಿಡಕ್ಕ ಮಾತ್ರ
ಎಳ್ಳ ಅಮಾಸಿಗೆ ಒಂದ ಸಲ, ಮೊಗ್ಗಿ ಹಿಡದೈತಿ ಅಂತ.
ಈ ಕಲ್ಲಿಗೆ, ಶಿವರಾತ್ರಿಗೆ ಚಳಿ
ಶಿವಶಿವಾ ಅಂತ ಹೋಗೂತನಕ, ಏನಂದ್ರ ಏನೂ ಇಲ್ಲ.

ನಾ ಇವತ್ತ ಲಗೂನ ಹೊಂಟೆ. ನಮ್ಮ ಓಣಿಗೆ ನೀರಿನ ದಿನಾ.
ಮೊದಲ ನಳ ಹವಾ ಉಗಳತೈತಿ, ಆಮ್ಯಾಲ ಕೆಂಪ ನೀರು,
ನಮ್ಮದು ಎರಡನೇ ಬ್ಯಾರಲ್ ತುಂಬೂದ್ರಾಗ
ಈಗಿನ ವಾಲ್‌ಮನ್, ಪರಸಪ್ಪ ಅಂತ, ಸಣ್ಣ ಹುಡುಗ,
ತಾಸ ನೋಡಿ ಮುಚ್ಚತಾನ. ಮುಚ್ಚಬೇಕ ಅಂವ, ಮುಂದಿನ ಓಣಿ ಐತಿ.
ನಾ ಬಾಗಲಕ್ಕ ಬಂದು
ನಾಕ ಮನಿಗೆ ಕೇಳೂವಂಗ ಬೈತೀನಿ.
ಪಾಪ, ರಾತ್ರಿ ಅವಂಗ ನಿದ್ದಿ ಹತ್ತಬೇಕಲ್ಲ.

ಗೋಣಿಚೀಲ ಮರೀಬ್ಯಾಡ.